ವಿಮ್‌ನ ಕಿಸೆಯಿಂದ ಕ್ಲಿಪ್‌ಬೋರ್ಡಿಗೆ: ಟರ್ಮಿನಲ್ ಎಡಿಟರ್‌ನಲ್ಲಿ ಕಾಪಿ ಮಾಡಿದ್ದನ್ನು ಹೊರಗೆ ತರುವ ಸಮಗ್ರ ಮಾರ್ಗದರ್ಶಿ

ಹೋದ ತಿಂಗಳು ಒಂದು ರಾತ್ರಿ ಹತ್ತರ ಸುಮಾರಿಗೆ ವಿಜಯಪುರದಿಂದ ಅಣ್ಣನ ಮಗ ಫೋನ್ ಮಾಡಿದ. "ಕಾಕಾ, ವಿಮ್‌ನಾಗ ಕಾಪಿ ಆಗೇತಿ ಅಂತ ತೋರಸಾಕತ್ತೇತಿ. ಹೊರಗ ಪೇಸ್ಟ್ ಆಗವಲ್ದು ನೋಡು."

ಅಣ್ಣನದು ತಿಕೋಟಾ ಕಡೆ ದ್ರಾಕ್ಷಿ ತೋಟ. ಒಣದ್ರಾಕ್ಷಿ ಬಾಕ್ಸುಗಳ ಲೆಕ್ಕವನ್ನು ಹುಡುಗ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡುತ್ತಾನೆ, ಅದೂ ಕನ್ನಡದಲ್ಲಿ. ಬರೆಯುವುದು ವಿಮ್‌ನಲ್ಲಿ, ಅಂದರೆ ಟರ್ಮಿನಲ್ (ಕಮಾಂಡ್ ಹೊಡೆಯುವ ಕಿಟಕಿ) ಒಳಗೆ ಕೀಬೋರ್ಡಿನಿಂದಲೇ ನಡೆಯುವ ಎಡಿಟರ್‌ನಲ್ಲಿ. ಅದರೊಳಗಿನ 12 ಸಾಲು ತೆಗೆದು ವಾಟ್ಸ್ಆ್ಯಪ್ ವೆಬ್‌ನಲ್ಲಿ ಅಪ್ಪನಿಗೆ ಕಳಿಸಬೇಕಿತ್ತು. ವಿಮ್ ಕೆಳಗಡೆ ‘12 ಲೈನ್ಸ್ ಯಾಂಕ್ಡ್’ ಅಂತ ಹೇಳುತ್ತಿದೆ. ಯಾಂಕ್ ಅಂದರೆ ವಿಮ್ ಭಾಷೆಯಲ್ಲಿ ಕಾಪಿ. ಪೇಸ್ಟ್ ಮಾಡಿದರೆ ಮಧ್ಯಾಹ್ನ ಯಾವಾಗಲೋ ಕಾಪಿ ಮಾಡಿದ್ದ ಕ್ರಿಕೆಟ್ ಲಿಂಕ್ ಬರುತ್ತಿದೆ.

ನಾನು ಬೆಳಗಾವಿಯಲ್ಲಿ, ಅವನು ಅಲ್ಲಿ. ಸ್ಕ್ರೀನ್ ಕಾಣುವುದಿಲ್ಲ. ಐದು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ತಪ್ಪು ನನ್ನದೇ. ‘ಕಾಪಿ ಹೇಗೆ ಮಾಡಿದೆ’ ಅಂತ ಕೇಳುತ್ತಾ ಕೂತೆ. ಕೇಳಬೇಕಾಗಿದ್ದು ‘ಕಾಪಿ ಮಾಡಿದ್ದು ಎಲ್ಲಿಯವರೆಗೆ ಬಂದು ನಿಂತಿದೆ’ ಅಂತ. ವಿಮ್‌ನಿಂದ ವಾಟ್ಸ್ಆ್ಯಪ್‌ವರೆಗೆ ದಾರಿಯಲ್ಲಿ ಎರಡು ಮೂರು ಗೋಡೆಗಳಿವೆ. ಯಾವ ಗೋಡೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಕಮಾಂಡುಗಳನ್ನು ಅವನಿಗೆ ಫೋನಿನಲ್ಲಿ ಹೇಳಿದ ಹಾಗೆಯೇ ಇಲ್ಲಿ ಬರೆದಿದ್ದೇನೆ. ‘ವೈ ವೈ’ ಅಂದರೆ ಕೀಬೋರ್ಡಿನ ಇಂಗ್ಲಿಷ್ ವೈ ಎರಡು ಸಲ. ‘ದೊಡ್ಡ ಜಿ’ ಅಂದರೆ ಶಿಫ್ಟ್ ಹಿಡಿದು ಜಿ. ಚಿಹ್ನೆಗಳು ಇದ್ದ ಹಾಗೇ ಇವೆ. ಟೈಪ್ ಮಾಡುವಾಗ ಎಲ್ಲಾ ಇಂಗ್ಲಿಷ್‌ನಲ್ಲಿ. ದೊಡ್ಡದು ಅಂತ ಹೇಳದಿದ್ದರೆ ಸಣ್ಣ ಅಕ್ಷರ.

## ವಿಮ್‌ಗೆ ತನ್ನದೇ ಕಿಸೆಗಳಿವೆ

ವಿಮ್‌ನಲ್ಲಿ ವೈ ಒತ್ತಿದರೆ ಪಠ್ಯ ಹೋಗುವುದು ವಿಮ್‌ನ ಸ್ವಂತ ಕಿಸೆಗೆ. ಅದನ್ನು ವಿಮ್ ರಿಜಿಸ್ಟರ್ ಅನ್ನುತ್ತದೆ. ನಿಮ್ಮ ಬ್ರೌಸರ್‌ಗೆ ಆ ಕಿಸೆಯ ಸುದ್ದಿಯೇ ಗೊತ್ತಿಲ್ಲ.

ಯಾಕೆ ಹೀಗೆ? ಇದರ ಮೂಲವಾದ ವಿಐ ಎಡಿಟರನ್ನು ಬಿಲ್ ಜಾಯ್ ಬರೆದದ್ದು 1976ರಲ್ಲಿ. ಆಗ ಟರ್ಮಿನಲ್ ಅಂದರೆ ನಿಜವಾಗಿಯೂ ಒಂದು ಪರದೆ, ಒಂದು ಕೀಬೋರ್ಡ್, ದೂರದ ಕಂಪ್ಯೂಟರಿಗೆ ಒಂದು ತಂತಿ. ಪಕ್ಕದ ಕಿಟಕಿಯೇ ಇಲ್ಲ ಅಂದ ಮೇಲೆ ಅಲ್ಲಿಗೆ ಪೇಸ್ಟ್ ಮಾಡುವ ಮಾತೆಲ್ಲಿ? 1991ರಲ್ಲಿ ಬ್ರಾಮ್ ಮೂಲೆನಾರ್ ಹೊರತಂದ ವಿಮ್ ಅದೇ ಕಿಸೆಗಳನ್ನು ಉಳಿಸಿಕೊಂಡು ಬಂತು. ಆಮೇಲೆ ಹೊರಗಿನ ಕ್ಲಿಪ್‌ಬೋರ್ಡಿಗಾಗಿ ಒಂದೆರಡು ಹೊಸ ಕಿಸೆ ಹೊಲಿದುಕೊಂಡಿತು. ಅದರಲ್ಲಿ ನಮಗೆ ಮುಖ್ಯವಾದದ್ದರ ಹೆಸರು ಪ್ಲಸ್.

ಯಾವ ಕಿಸೆಯಲ್ಲಿ ಏನಿದೆ ನೋಡಬೇಕಾ? ಎಸ್ಕೇಪ್ ಒತ್ತಿ, ‘:ರೆಜ್’ ಅಂತ ಹೊಡೆದು ಎಂಟರ್ ಕೊಡಿ. ಆ ಮೂರು ಅಕ್ಷರ ರಿಜಿಸ್ಟರ್ ಪದದ ಮೊದಲಿನವು. ಪಟ್ಟಿ ಬರುತ್ತದೆ. "+ ಇರುವ ಸಾಲಿನಲ್ಲಿ ನಿಮ್ಮ ಪಠ್ಯ ಕಂಡರೆ ಅದು ಮೊದಲ ಗೋಡೆ ದಾಟಿದೆ. ಆ ಸಾಲೇ ಇಲ್ಲದಿದ್ದರೆ ಮುಂದಿನ ಭಾಗ ನಿಮಗೇ.

## ನಿಮ್ಮ ವಿಮ್‌ನಲ್ಲಿ ಪ್ಲಸ್ ಕಿಸೆ ಇದೆಯಾ?

ವಿಮ್‌ನಿಂದ ಹೊರಗೆ ಬನ್ನಿ. ಟರ್ಮಿನಲ್‌ನಲ್ಲಿ ಹೀಗೆ ಹೊಡೆಯಿರಿ:

ವಿಮ್ --ವರ್ಷನ್ | ಗ್ರೆಪ್ ಕ್ಲಿಪ್‌ಬೋರ್ಡ್

ಉತ್ತರದಲ್ಲಿ ಕ್ಲಿಪ್‌ಬೋರ್ಡ್ ಪದದ ಹಿಂದೆ + ಇದೆಯಾ, - ಇದೆಯಾ ನೋಡಿ. ಅಷ್ಟೇ. ಪ್ಲಸ್ ಇದ್ದರೆ ಇದೆ, ಮೈನಸ್ ಇದ್ದರೆ ಇಲ್ಲ. ವಿಮ್ ಕಟ್ಟುವಾಗಲೇ ಆ ಭಾಗವನ್ನು ಬಿಟ್ಟಿದ್ದಾರೆ. ಆಮೇಲೆ ಯಾವ ಸೆಟ್ಟಿಂಗ್ ಹಾಕಿದರೂ ಅದು ಹುಟ್ಟುವುದಿಲ್ಲ.

ನಮ್ಮ ಹುಡುಗನಿಗೆ ಆಗಿದ್ದು ಇದೇ. ಉಬುಂಟುವಿನಲ್ಲಿ ಸುಮ್ನೆ ವಿಮ್ ಅಂತ ಇನ್‌ಸ್ಟಾಲ್ ಮಾಡಿದರೆ ಬರುವುದು ಮೈನಸ್ ಇರುವ ವಿಮ್. ಇದರಲ್ಲಿ ಒಂದು ಮೋಸವಿದೆ, ಸ್ವಲ್ಪ ಹತ್ತಿರದಿಂದ ನೋಡೋಣ. ಇಂಥ ವಿಮ್‌ನಲ್ಲಿ ನೀವು "+ ಒತ್ತಿ ಆಮೇಲೆ ವೈ ಒತ್ತುತ್ತೀರಿ. "+ ಅಂದರೇನು ಅಂತ ಅದಕ್ಕೆ ಗೊತ್ತಿಲ್ಲ. ಒಂದು ಸಣ್ಣ ಬೀಪ್ ಹೊಡೆದು ಅದನ್ನು ಬಿಟ್ಟುಬಿಡುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಬೀಪೂ ಕೇಳಿಸುವುದಿಲ್ಲ. ಆದರೆ ಹಿಂದೆಯೇ ಬಂದ ವೈ ಅದಕ್ಕೆ ಗೊತ್ತು. ಹಾಗಾಗಿ ಪಠ್ಯವನ್ನು ತನ್ನ ಮಾಮೂಲಿ ಕಿಸೆಗೆ ಹಾಕಿಕೊಂಡು ‘12 ಲೈನ್ಸ್ ಯಾಂಕ್ಡ್’ ಅಂತ ಖುಷಿಯಿಂದ ಹೇಳುತ್ತದೆ. ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಸರಿಯಾಗಿ ಹೋಗಿದ್ದರೆ ಹೊಸ ವಿಮ್‌ಗಳಲ್ಲಿ ಅದೇ ಸಾಲಿನ ಕೊನೆಗೆ ‘ಇನ್‌ಟು "+’ ಅಂತಲೂ ಬರುತ್ತದೆ. ಆ ಬಾಲ ಇದೆಯಾ ಇಲ್ಲವಾ ನೋಡುವ ಅಭ್ಯಾಸ ಮಾಡಿಕೊಳ್ಳಿ. ಒಂದೆರಡು ಸಾಲು ಮಾತ್ರ ಕಾಪಿ ಮಾಡಿದರೆ ವಿಮ್ ಏನನ್ನೂ ಹೇಳುವುದಿಲ್ಲ. ಪರೀಕ್ಷೆಗೆ ಮೂರು ಸಾಲಾದರೂ ತೆಗೆದುಕೊಳ್ಳಿ.

ಮೈನಸ್ ಬಂದವರಿಗೆ ಪರಿಹಾರ. ಉಬುಂಟು ಅಥವಾ ಡೆಬಿಯನ್ ಆದರೆ:

ಸುಡೋ ಆ್ಯಪ್ಟ್ ಇನ್‌ಸ್ಟಾಲ್ ವಿಮ್-ಜಿಟಿಕೆ3

ಹೆಸರು ನೋಡಿ ಹೆದರಬೇಡಿ. ಇದು ಬೇರೆ ಕಿಟಕಿಯ ಎಡಿಟರ್ ಆಗಿಬಿಡುವುದಿಲ್ಲ. ಮೊದಲಿನ ಹಾಗೆ ಟರ್ಮಿನಲ್‌ನಲ್ಲೇ ವಿಮ್ ಅಂತ ಹೊಡೆದು ತೆರೆಯಿರಿ. ಫೆಡೋರಾದಲ್ಲಿ ವಿಮ್-ಎಕ್ಸ್11 ಪ್ಯಾಕೇಜ್ ಹಾಕಿಕೊಂಡು ‘ವಿಮ್ಎಕ್ಸ್’ ಅಂತ ತೆರೆಯಬೇಕು. ಆರ್ಚ್‌ನಲ್ಲಿ ಜಿವಿಮ್ ಪ್ಯಾಕೇಜ್ ಹಾಕಿದರೆ ಅದರ ಜೊತೆ ಬರುವ ವಿಮ್‌ನಲ್ಲಿ ಪ್ಲಸ್ ಇರುತ್ತದೆ.

ವಿಮ್‌ನಿಂದಲೇ ಕವಲೊಡೆದ ನಿಯೋವಿಮ್ ಬಳಸುವವರಿಗೆ ಈ ತಾಪತ್ರಯ ಬೇರೆ ರೀತಿಯದು. ಅದು ಕ್ಲಿಪ್‌ಬೋರ್ಡ್ ಕೆಲಸವನ್ನು ಹೊರಗಿನ ಒಂದು ಸಣ್ಣ ಪ್ರೋಗ್ರಾಮಿಗೆ ಒಪ್ಪಿಸುತ್ತದೆ. ಲಿನಕ್ಸ್‌ನಲ್ಲಿ ಕಿಟಕಿಗಳನ್ನು ಪರದೆಗೆ ತರುವ ವ್ಯವಸ್ಥೆ ಎರಡು, ಎಕ್ಸ್11 ಮತ್ತು ವೇಲ್ಯಾಂಡ್. ಎಕ್ಸ್11 ಆದರೆ ಎಕ್ಸ್‌ಕ್ಲಿಪ್ ಅಥವಾ ಎಕ್ಸ್‌ಸೆಲ್, ವೇಲ್ಯಾಂಡ್ ಆದರೆ ಡಬ್ಲ್ಯುಎಲ್-ಕ್ಲಿಪ್‌ಬೋರ್ಡ್ ಪ್ಯಾಕೇಜ್. ನಿಮ್ಮದು ಯಾವುದು ಅಂತ ತಿಳಿಯಲು ‘ಎಕೋ $ಎಕ್ಸ್‌ಡಿಜಿ_ಸೆಷನ್_ಟೈಪ್’ ಹೊಡೆಯಿರಿ. ಡಾಲರ್ ನಂತರದ್ದೆಲ್ಲಾ ದೊಡ್ಡಕ್ಷರ. ಉಬುಂಟು 22.04 ಮತ್ತು ನಂತರದವುಗಳಲ್ಲಿ ಸಾಮಾನ್ಯವಾಗಿ ವೇಲ್ಯಾಂಡ್ ಬರುತ್ತದೆ. ಏನು ಕಡಿಮೆ ಬಿದ್ದಿದೆ ಅಂತ ನಿಯೋವಿಮ್ ಒಳಗೆ ‘:ಚೆಕ್‌ಹೆಲ್ತ್’ ಕೊಟ್ಟರೆ ಅದೇ ಹೇಳುತ್ತದೆ.

## ಮೂರು ಕೀ, ಒಂದರ ಹಿಂದೆ ಒಂದು

ಈಗ ನಿಜವಾದ ಕಾಪಿ. ಮೊದಲು ಎಸ್ಕೇಪ್. ಕರ್ಸರನ್ನು ಬೇಕಾದ ಮೊದಲ ಸಾಲಿಗೆ ತನ್ನಿ. ದೊಡ್ಡ ವಿ ಒತ್ತಿ. ಕೆಳಗೆ ಹೋಗಲು ಜೆ ಅಥವಾ ಬಾಣದ ಕೀ. ಬೇಕಾದ ಸಾಲುಗಳೆಲ್ಲಾ ಬಣ್ಣ ಬದಲಿಸುತ್ತವೆ. ಈಗ ಈ ಮೂರು ಕೀ:

" + ವೈ

ಮೂರನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲು ಡಬಲ್ ಕೋಟ್, ಬಿಡಿ. ಪ್ಲಸ್, ಬಿಡಿ. ಆಮೇಲೆ ವೈ. ಮೊದಲೆರಡಕ್ಕೆ ಶಿಫ್ಟ್ ಬೇಕು.

ಇಲ್ಲೊಂದು ಮಜಾ ಆಯಿತು. ನಾನು ಫೋನಿನಲ್ಲಿ "ಡಬಲ್ ಕೋಟ್ ಒತ್ತು" ಅಂದೆ. ಹುಡುಗ ಸಿಂಗಲ್ ಕೋಟನ್ನು ಎರಡು ಸಲ ಒತ್ತಿದ. ನೋಡಲು ಎರಡೂ ಒಂದೇ ಥರ ಅಲ್ವಾ? ಆದರೆ ವಿಮ್‌ನಲ್ಲಿ ಸಿಂಗಲ್ ಕೋಟ್ ಎರಡು ಸಲ ಅಂದರೆ ‘ಹಿಂದೆ ಇದ್ದ ಜಾಗಕ್ಕೆ ಹಾರು’ ಅಂತ. ಬರೀ ಪ್ಲಸ್ ಅಂದರೆ ‘ಒಂದು ಸಾಲು ಕೆಳಗೆ ಇಳಿ’ ಅಂತ. ಅವನು ಆರಿಸಿದ್ದ 12 ಸಾಲು ಎಲ್ಲಿಂದಲೋ ಎಲ್ಲಿಗೋ ಹಿಗ್ಗಿ 40 ಆಯಿತು. "ಕಾಕಾ, ಇದು ತಾನ ಓಡಾಡಾಕತ್ತೇತಿ" ಅಂದ. ಎಂಟರ್ ಪಕ್ಕದ ಕೀಯನ್ನು ಶಿಫ್ಟ್ ಹಿಡಿದು ಒಂದೇ ಸಲ ಒತ್ತು ಅಂತ ಹೇಳುವವರೆಗೆ ಐದು ನಿಮಿಷ ಹೋಯಿತು.

ಇದೇ ಮೂರು ಕೀಗಳ ಬೇರೆ ರೂಪಗಳು ದಿನಾ ಬೇಕಾಗುತ್ತವೆ. ಇರುವ ಒಂದೇ ಸಾಲು ಸಾಕು ಅಂದರೆ " + ವೈ ವೈ. ಒಂದೇ ಪದ ಅಂದರೆ " + ವೈ ಐ ಡಬ್ಲ್ಯು. ಒಂದು ಪ್ಯಾರಾ ಅಂದರೆ " + ವೈ ಐ ಪಿ. ಇಡೀ ಫೈಲ್ ಬೇಕು ಅಂದರೆ ಎಲ್ಲಕ್ಕಿಂತ ಸುಲಭದ್ದು ‘:%ವೈ +’ ಮತ್ತು ಎಂಟರ್. ಕರ್ಸರ್ ಎಲ್ಲಿದ್ದರೂ ನಡೆಯುತ್ತದೆ, ಕದಲುವುದೂ ಇಲ್ಲ. 5ನೇ ಸಾಲಿನಿಂದ 16ರವರೆಗೆ ಸಾಕು ಅಂದರೆ ‘:5,16ವೈ +’.

ನನಗೆ ತುಂಬಾ ಇಷ್ಟದ್ದು ಇನ್ನೊಂದಿದೆ. ಎಷ್ಟೋ ಸಲ ಮರೆತು ಬರೀ ವೈ ಒತ್ತಿಬಿಟ್ಟಿರುತ್ತೇವೆ. ಮತ್ತೆ ಆರಿಸುವುದು ಬೇಡ. ಕೊನೆಯ ಸಲ ಯಾಂಕ್ ಮಾಡಿದ್ದು ಸೊನ್ನೆ ನಂಬರಿನ ಕಿಸೆಯಲ್ಲಿ ಇರುತ್ತದೆ. ಅದನ್ನು ಹೊರಗಿನ ಕಿಸೆಗೆ ಸುರಿಯಲು:

:ಲೆಟ್ @+ = @0

ಅಷ್ಟೇ. ಈ ಸಾಲು ನನಗೆ ಬಹಳ ತಡವಾಗಿ ಗೊತ್ತಾಯಿತು.

ಇಂಟರ್ನೆಟ್‌ನಲ್ಲಿ ಹುಡುಕಿದರೆ ಬಹಳ ಜನ ಇನ್ನೊಂದು ಸಲಹೆ ಕೊಡುತ್ತಾರೆ. ವಿಮ್‌ನ ಸೆಟ್ಟಿಂಗ್ ಬರೆಯುವ, ಚುಕ್ಕಿಯಿಂದ ಶುರುವಾಗುವ ವಿಮ್‌ಆರ್‌ಸಿ ಫೈಲಿನಲ್ಲಿ ‘ಸೆಟ್ ಕ್ಲಿಪ್‌ಬೋರ್ಡ್=ಅನ್‌ನೇಮ್ಡ್‌ಪ್ಲಸ್’ ಅಂತ ಒಂದು ಸಾಲು ಹಾಕಿದರೆ ಬರೀ ವೈ ಒತ್ತಿದರೂ ಪಠ್ಯ ಹೊರಗೆ ಹೋಗುತ್ತದೆ ಅಂತ. ನಿಜ, ಹೋಗುತ್ತದೆ. ಆದರೆ ವಿಮ್‌ನಲ್ಲಿ ಅಳಿಸಿದ್ದೂ ಕಿಸೆಗೇ ಹೋಗುತ್ತದಲ್ಲ? ಡಿ ಡಿ ಒತ್ತಿ ಒಂದು ಖಾಲಿ ಸಾಲು ಅಳಿಸಿದರೂ, ಎಕ್ಸ್ ಒತ್ತಿ ಒಂದು ಅಲ್ಪವಿರಾಮ ತೆಗೆದರೂ, ಅದು ನಿಮ್ಮ ಕ್ಲಿಪ್‌ಬೋರ್ಡಿನಲ್ಲಿದ್ದದ್ದನ್ನು ಒರೆಸಿ ತಾನು ಕೂರುತ್ತದೆ. ಬ್ರೌಸರ್‌ನಿಂದ ಒಂದು ವಿಳಾಸ ಕಾಪಿ ಮಾಡಿಕೊಂಡು ಬಂದು, ವಿಮ್‌ನಲ್ಲಿ ಹಳೆಯದನ್ನು ಅಳಿಸಿ, ಪೇಸ್ಟ್ ಮಾಡಿದರೆ ಅಳಿಸಿದ್ದೇ ವಾಪಸ್ ಬರುತ್ತದೆ. ನಾನಂತೂ ಆ ಸಾಲು ಹಾಕುವುದಿಲ್ಲ. ಅದರ ಬದಲು ಇದು:

ವಿನೋರಿಮ್ಯಾಪ್ <ಲೀಡರ್>ವೈ "+ವೈ

ಸಾಲುಗಳನ್ನು ಆರಿಸಿ, ಬ್ಯಾಕ್‌ಸ್ಲ್ಯಾಶ್ ಒತ್ತಿ, ವೈ ಒತ್ತಿದರೆ ಹೊರಗೆ ಹೋಗುತ್ತದೆ. ಬರೀ ವೈ ಒಳಗಿನ ಕೆಲಸಕ್ಕೆ.

## ಪ್ಲಸ್ ಒಂದು, ಸ್ಟಾರ್ ಇನ್ನೊಂದು

ಲಿನಕ್ಸ್‌ನಲ್ಲಿ ಹೊರಗಿನ ಕ್ಲಿಪ್‌ಬೋರ್ಡೂ ಒಂದಲ್ಲ, ಎರಡು. ಮೌಸ್‌ನಿಂದ ಪಠ್ಯ ಆರಿಸಿದ ಕ್ಷಣವೇ, ಕಾಪಿ ಒತ್ತದೇ, ಅದು ಒಂದು ಕಡೆ ಸೇರುತ್ತದೆ. ಇದಕ್ಕೆ ಪ್ರೈಮರಿ ಅನ್ನುತ್ತಾರೆ. ಮೌಸಿನ ನಡುವಿನ ಗಾಲಿ ಒತ್ತಿದರೆ ಅದು ಪೇಸ್ಟ್ ಆಗುತ್ತದೆ. ಕಂಟ್ರೋಲ್ ಸಿ ಒತ್ತಿದಾಗ ಹೋಗುವುದು ಬೇರೆ ಕಡೆ, ಅದು ಕ್ಲಿಪ್‌ಬೋರ್ಡ್. ವಿಮ್‌ನಲ್ಲಿ "* ಮೊದಲನೆಯದು, "+ ಎರಡನೆಯದು. ವಿಂಡೋಸ್, ಮ್ಯಾಕ್‌ನಲ್ಲಿ ಈ ಭೇದ ಇಲ್ಲ, ಎರಡೂ ಒಂದೇ.

ಸ್ಟಾರ್‌ಗೆ ಹಾಕಿ ಕಂಟ್ರೋಲ್ ವಿ ಒತ್ತಿದರೆ ಹಳೆಯದ್ದೇ ಬರುತ್ತದೆ. ಈ ಹಳೆಯದ್ದು ಬರುವ ವಿಷಯ ಹುಡುಗಾಟವಲ್ಲ. ಒಂದು ಸಲ ಆಫೀಸಿನ ಗ್ರೂಪಿಗೆ ಎರರ್ ಲಾಗ್ ಹಾಕಬೇಕಿತ್ತು. ಕಾಪಿ ಆಗಿದೆ ಅಂದುಕೊಂಡು ಪೇಸ್ಟ್ ಮಾಡಿ, ನೋಡದೆ ಎಂಟರ್ ಒತ್ತಿದೆ. ಹೋಗಿದ್ದು ಮನೆಯ ಸಾಮಾನಿನ ಚೀಟಿ. ಜೋಳ 5 ಕಿಲೋ, ಶೇಂಗಾ ಚಟ್ನಿ, ಅರ್ಧ ಕಿಲೋ ಕುಂದಾ. ಕುಂದಾ ಯಾವ ಅಂಗಡಿಯದು ಅಂತ ಇಬ್ಬರು ಕೇಳಿದರು, ಎರರ್ ಬಗ್ಗೆ ಯಾರೂ ಕೇಳಲಿಲ್ಲ. ಅದು ಪಾಸ್‌ವರ್ಡ್ ಆಗಿದ್ದರೆ?

ಇನ್ನೊಂದು ವಿಚಿತ್ರ. ಎಕ್ಸ್11ನಲ್ಲಿ ಕ್ಲಿಪ್‌ಬೋರ್ಡ್ ಅಂದರೆ ಪಠ್ಯ ಇಟ್ಟಿರುವ ಡಬ್ಬಿ ಅಲ್ಲ. ಕಾಪಿ ಮಾಡಿದ ಪ್ರೋಗ್ರಾಮ್ ‘ಪಠ್ಯ ನನ್ನ ಹತ್ತಿರ ಇದೆ, ಬೇಕಾದವರು ಕೇಳಿ’ ಅಂತ ಹೇಳಿ ಕೂತಿರುತ್ತದೆ. ಪೇಸ್ಟ್ ಮಾಡುವವನು ಬಂದು ಕೇಳಿದಾಗ ಮಾತ್ರ ಕೊಡುತ್ತದೆ. ಹಾಗಾಗಿ ಕಾಪಿ ಮಾಡಿ ತಕ್ಷಣ ವಿಮ್ ಮುಚ್ಚಿದರೆ ಕೊಡುವವನೇ ಎದ್ದುಹೋದ ಹಾಗೆ, ಪಠ್ಯ ಕಾಣೆಯಾಗಬಹುದು. ಕಂಟ್ರೋಲ್ ಝಡ್ ಒತ್ತಿ ವಿಮ್ ಅನ್ನು ಮಲಗಿಸಿದರೂ ಇದೇ ಕಥೆ. ಪೇಸ್ಟ್ ಮಾಡುವವರೆಗೆ ವಿಮ್ ತೆರೆದೇ ಇರಲಿ.

## ಪ್ಲಸ್ ಇಲ್ಲ, ಇನ್‌ಸ್ಟಾಲ್ ಮಾಡುವ ಅಧಿಕಾರವೂ ಇಲ್ಲ

ಕಾಲೇಜಿನ ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಹೀಗಾಗುತ್ತದೆ. ಆಗ ಪಠ್ಯವನ್ನು ವಿಮ್‌ನಿಂದ ನೇರವಾಗಿ ಬೇರೆ ಪ್ರೋಗ್ರಾಮಿಗೆ ಸುರಿಯಬಹುದು. ಎಕ್ಸ್‌ಕ್ಲಿಪ್ ಇದ್ದರೆ:

:ಡಬ್ಲ್ಯು !ಎಕ್ಸ್‌ಕ್ಲಿಪ್ -ಸೆಲೆಕ್ಷನ್ ಕ್ಲಿಪ್‌ಬೋರ್ಡ್

ಡಬ್ಲ್ಯು ನಂತರ ಒಂದು ಸ್ಪೇಸ್ ಇರಲೇಬೇಕು, ಆಮೇಲೆ ಆಶ್ಚರ್ಯಸೂಚಕ. ಸ್ಪೇಸ್ ತಪ್ಪಿದರೆ ಅರ್ಥವೇ ಬದಲಾಗಿ, ಆ ಹೆಸರಿನ ಫೈಲಿಗೆ ಬಲವಂತವಾಗಿ ಬರೆಯಲು ಹೋಗುತ್ತದೆ. ಕೊನೆಯ ‘-ಸೆಲೆಕ್ಷನ್ ಕ್ಲಿಪ್‌ಬೋರ್ಡ್’ ಬಿಟ್ಟರೆ ಪಠ್ಯ ಪ್ರೈಮರಿಗೆ ಹೋಗುತ್ತದೆ, ನೀವು ಕಂಟ್ರೋಲ್ ವಿ ಒತ್ತುತ್ತಾ ಕೂರುತ್ತೀರಿ. ವೇಲ್ಯಾಂಡ್ ಆದರೆ ಬರೀ ‘:ಡಬ್ಲ್ಯು !ಡಬ್ಲ್ಯುಎಲ್-ಕಾಪಿ’ ಸಾಕು.

ಸಾಲುಗಳನ್ನು ಆರಿಸಿ ಆಮೇಲೆ ಕೋಲನ್ ಒತ್ತಿದರೆ ಮುಂದೆ ‘'<,'>’ ಅಂತ ತಾನೇ ಬರುತ್ತದೆ. ಅದನ್ನು ಅಳಿಸಬೇಡಿ, ಅದರ ಮುಂದೆಯೇ ಡಬ್ಲ್ಯು ಹೊಡೆಯಿರಿ. ಈ ದಾರಿಯಲ್ಲಿ ಯಾವಾಗಲೂ ಇಡೀ ಸಾಲುಗಳೇ ಹೋಗುತ್ತವೆ. ಅರ್ಧ ಸಾಲು ಆರಿಸಿದ್ದರೂ ಪೂರ್ತಿ ಸಾಲು ಹೋಗುತ್ತದೆ.

## ಮೌಸ್: ಕೊನೆಯ ದಾರಿ

ಏನೂ ಇಲ್ಲದಿದ್ದರೆ ಮೌಸ್ ಇದ್ದೇ ಇದೆ. ಟರ್ಮಿನಲ್‌ನಲ್ಲಿ ಆರಿಸಿ ಕಂಟ್ರೋಲ್ ಶಿಫ್ಟ್ ಸಿ ಒತ್ತಿ. ಬರೀ ಕಂಟ್ರೋಲ್ ಸಿ ಟರ್ಮಿನಲ್‌ನಲ್ಲಿ ಕಾಪಿ ಅಲ್ಲ, ನಡೆಯುತ್ತಿರುವ ಕೆಲಸ ನಿಲ್ಲಿಸುವ ಕೀ. ಮೌಸಿನಿಂದ ಎಳೆದಾಗ ವಿಮ್ ತಾನೇ ವಿಷುಯಲ್ ಮೋಡಿಗೆ (ಪಠ್ಯ ಆರಿಸುವ ಸ್ಥಿತಿಗೆ) ಹೋದರೆ, ಶಿಫ್ಟ್ ಹಿಡಿದು ಎಳೆಯಿರಿ. ಆಗ ಮೌಸ್ ವಿಮ್‌ಗೆ ಸಿಗುವುದಿಲ್ಲ, ಟರ್ಮಿನಲ್‌ಗೆ ಸಿಗುತ್ತದೆ. ಮ್ಯಾಕ್‌ನ ಐಟರ್ಮ್2ನಲ್ಲಿ ಶಿಫ್ಟ್ ಬದಲು ಆಪ್ಷನ್ ಕೀ.

ಮೌಸ್ ಕಾಪಿ ಮಾಡುವುದು ಕಣ್ಣಿಗೆ ಕಂಡದ್ದನ್ನು ಮಾತ್ರ. ಎಡಗಡೆ ಸಾಲಿನ ನಂಬರ್ ಕಂಡರೆ ಅದೂ ಬರುತ್ತದೆ. ಪರದೆ ಎರಡು ಭಾಗ ಆಗಿದ್ದರೆ ಪಕ್ಕದ ಫೈಲಿನ ತುಂಡೂ ಬರುತ್ತದೆ. ಪರದೆಯ ಕೆಳಗಿರುವ ಸಾಲು ಬರುವುದಿಲ್ಲ. ಮೊದಲು ‘:ಸೆಟ್ ನೋನಂಬರ್’ ಕೊಟ್ಟು ನಂಬರ್ ತೆಗೆಯಿರಿ. ಮೂರ್ನಾಲ್ಕು ಸಾಲಿಗೆ ಇದು ಸರಿ, ಜಾಸ್ತಿ ಆದರೆ ಬೇಡ.

## ಕನ್ನಡ ಪಠ್ಯ ಇದ್ದರೆ

ಹುಡುಗನ ಫೈಲ್ ಕನ್ನಡದಲ್ಲಿತ್ತು. ಹಾಗಾಗಿ ಇನ್ನೆರಡು ತೊಂದರೆ ಬಂದವು.

ಮೊದಲನೆಯದು ಕೀಬೋರ್ಡ್. ಕನ್ನಡ ಲೇಔಟ್‌ನಲ್ಲಿ ಟೈಪ್ ಮಾಡಿ, ಎಸ್ಕೇಪ್ ಒತ್ತಿ, ವೈ ಒತ್ತಿದರೆ ವಿಮ್‌ಗೆ ತಲುಪುವುದು ವೈ ಅಲ್ಲ, ಆ ಕೀಯಲ್ಲಿರುವ ಕನ್ನಡ ಅಕ್ಷರ. ಅದಕ್ಕೆ ಆ ಕಮಾಂಡ್ ಗೊತ್ತಿಲ್ಲ, ಸುಮ್ಮನಿರುತ್ತದೆ. ಕಾಪಿ ಮಾಡುವ ಮೊದಲು ಇಂಗ್ಲಿಷ್ ಲೇಔಟ್‌ಗೆ ಬನ್ನಿ. ಉಬುಂಟುವಿನಲ್ಲಿ ಸೂಪರ್ ಕೀ ಮತ್ತು ಸ್ಪೇಸ್.

ಎರಡನೆಯದು ಕಣ್ಣಿನ ಮೋಸ. ಟರ್ಮಿನಲ್ ಪರದೆಯನ್ನು ಚೌಕಗಳಾಗಿ ಭಾಗಿಸಿ ಒಂದೊಂದರಲ್ಲಿ ಒಂದು ಅಕ್ಷರ ಕೂರಿಸುತ್ತದೆ. ನಮ್ಮ ಒತ್ತಕ್ಷರ ಆ ಲೆಕ್ಕಕ್ಕೆ ಸಿಗುವುದಿಲ್ಲ. ‘ದ್ರಾಕ್ಷಿ’ ಅನ್ನುವ ಪದ ನಮಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಅದು ಎಂಟು: ದ, ವಿರಾಮ (್ ಚಿಹ್ನೆ), ರ, ಆ ಕಾರದ ಚಿಹ್ನೆ, ಕ, ಮತ್ತೆ ವಿರಾಮ, ಷ, ಇ ಕಾರದ ಚಿಹ್ನೆ. ಬಹಳಷ್ಟು ಟರ್ಮಿನಲ್‌ಗಳಲ್ಲಿ ಒತ್ತು ಒಂದು ಕಡೆ, ಗುಣಿತ ಒಂದು ಕಡೆ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ಫೈಲ್ ಹಾಳಾಗಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಪೇಸ್ಟ್ ಮಾಡಿದರೆ ಸರಿಯಾಗಿಯೇ ಬರುತ್ತದೆ. ಆದರೆ ಮೌಸಿನಿಂದ ಆರಿಸುವಾಗ ಪದದ ಕೊನೆ ಎಲ್ಲಿದೆ ಅಂತ ಗೊತ್ತಾಗದೆ ಒಂದು ಗುಣಿತ ತಪ್ಪಿಹೋಗಬಹುದು. ಅದಕ್ಕೇ ಕನ್ನಡ ಪಠ್ಯಕ್ಕೆ ಮೌಸ್ ಬೇಡ, "+ ದಾರಿಯೇ ಒಳ್ಳೆಯದು.

ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಒಳಗೆ ವಿಮ್ ಬಳಸುವವರು ‘:ಡಬ್ಲ್ಯು !ಕ್ಲಿಪ್.ಇಎಕ್ಸ್‌ಇ’ ಕೊಡುತ್ತಾರೆ. ಇಂಗ್ಲಿಷ್‌ಗೆ ಸರಿ. ಕನ್ನಡ ಹಾಕಿದರೆ ಅರ್ಥವಾಗದ ಚಿಹ್ನೆಗಳ ರಾಶಿ ಬರುತ್ತದೆ. ನಮ್ಮ ಫೈಲ್ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಒಂದು ರೀತಿ), ಆ ಪ್ರೋಗ್ರಾಮ್ ಅದನ್ನು ಬೇರೆ ಎನ್‌ಕೋಡಿಂಗ್ ಅಂದುಕೊಳ್ಳುತ್ತದೆ. ನಡುವೆ ಒಬ್ಬ ದುಭಾಷಿ ಬೇಕು:

:ಡಬ್ಲ್ಯು !ಐಕಾನ್ವ್ -ಎಫ್ ಯುಟಿಎಫ್-8 -ಟಿ ಯುಟಿಎಫ್-16ಎಲ್‌ಇ | ಕ್ಲಿಪ್.ಇಎಕ್ಸ್‌ಇ

## ಫೈಲ್ ದೂರದ ಸರ್ವರ್‌ನಲ್ಲಿದ್ದರೆ

ಇದು ದೊಡ್ಡ ಗೋಡೆ. ದೂರದ ಕಂಪ್ಯೂಟರಿನಲ್ಲಿ ನಮ್ಮ ಟರ್ಮಿನಲ್‌ನಿಂದಲೇ ಕೆಲಸ ಮಾಡುವ ದಾರಿಗೆ ಎಸ್‌ಎಸ್‌ಎಚ್ ಅನ್ನುತ್ತಾರೆ. ಎಸ್‌ಎಸ್‌ಎಚ್ ಮೂಲಕ ಸರ್ವರ್‌ಗೆ ಹೋಗಿ ಅಲ್ಲಿ ವಿಮ್ ತೆರೆದರೆ, ಓಡುತ್ತಿರುವುದು ಅಲ್ಲಿಯ ವಿಮ್. ಅದರ "+ ಅಂದರೆ ಸರ್ವರ್‌ನ ಕ್ಲಿಪ್‌ಬೋರ್ಡ್. ಸರ್ವರ್‌ಗೆ ಪರದೆಯೇ ಇಲ್ಲ, ಕ್ಲಿಪ್‌ಬೋರ್ಡ್ ಎಲ್ಲಿಂದ ಬರಬೇಕು? ನಿಮ್ಮ ಲ್ಯಾಪ್‌ಟಾಪಿನ ಕ್ಲಿಪ್‌ಬೋರ್ಡ್ ಅದಕ್ಕೆ ಕಾಣುವುದೇ ಇಲ್ಲ.

ಸುಲಭದ ಪರಿಹಾರ ಮೊದಲು. ಸರ್ವರ್‌ನಲ್ಲಿ ಫೈಲ್ ಸೇವ್ ಮಾಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಟರ್ಮಿನಲ್ ತೆರೆದು ಹೀಗೆ ಹೊಡೆಯಿರಿ, ಸರ್ವರ್ ಅನ್ನುವ ಕಡೆ ನಿಮ್ಮ ಸರ್ವರ್ ಹೆಸರು:

ಎಸ್‌ಎಸ್‌ಎಚ್ ಸರ್ವರ್ ಕ್ಯಾಟ್ ಲೆಕ್ಕ.ಟಿಎಕ್ಸ್‌ಟಿ | ಎಕ್ಸ್‌ಕ್ಲಿಪ್ -ಸೆಲೆಕ್ಷನ್ ಕ್ಲಿಪ್‌ಬೋರ್ಡ್

ಪೈಪಿನ ಎಡಗಡೆಯದು ಅಲ್ಲಿ ನಡೆಯುತ್ತದೆ, ಬಲಗಡೆಯದು ಇಲ್ಲಿ. ಅಪರೂಪಕ್ಕೆ ಒಮ್ಮೆ ಆದರೆ ಇಷ್ಟೇ ಸಾಕು.

ದಿನಾ ಸರ್ವರ್‌ನಲ್ಲೇ ಕೆಲಸ ಮಾಡುವವರಿಗೆ ಓಎಸ್‌ಸಿ 52 ಬೇಕು. ಗೋಲಗುಮ್ಮಟದ ಮೇಲೆ ಹತ್ತಿದವರಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹತ್ತಿರ ಇಟ್ಟು ಪಿಸುಗುಟ್ಟಿದರೆ, ಎದುರಿನ ಬದಿಯಲ್ಲಿ ಗೋಡೆಗೆ ಕಿವಿ ಇಟ್ಟವನಿಗೆ ಕೇಳುತ್ತದೆ. ನಡುವೆ ಬೇರೆ ತಂತಿ ಇಲ್ಲ, ಗೋಡೆಯೇ ದಾರಿ. ಓಎಸ್‌ಸಿ 52 ಕೂಡ ಹಾಗೇ. ಸರ್ವರ್‌ನ ಎಡಿಟರ್ ಪರದೆಗೆ ಅಕ್ಷರ ಕಳಿಸುವ ಅದೇ ದಾರಿಯಲ್ಲಿ ಒಂದು ಗುಟ್ಟಿನ ಸಾಲು ಕಳಿಸುತ್ತದೆ. ನಿಮ್ಮ ಟರ್ಮಿನಲ್ ಅದನ್ನು ಪರದೆಯ ಮೇಲೆ ತೋರಿಸದೆ, ಕ್ಲಿಪ್‌ಬೋರ್ಡಿಗೆ ಹಾಕುತ್ತದೆ.

ದಾರಿಯಲ್ಲಿ ಕೆಡದಿರಲಿ ಅಂತ ಪಠ್ಯವನ್ನು ಬೇಸ್64 ಮಾಡಿ, ಅಂದರೆ ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಒಂದೆರಡು ಚಿಹ್ನೆಗೆ ಬದಲಿಸಿ ಕಳಿಸುತ್ತಾರೆ. ಮೂರು ಬೈಟ್ ಹೋಗಿ ನಾಲ್ಕು ಅಕ್ಷರ ಆಗುತ್ತದೆ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಅಕ್ಷರವೂ ಸರಿಯಾಗಿ ಮೂರು ಬೈಟ್. ಹಾಗಾಗಿ ‘ಕ’ ಅನ್ನುವುದು ‘4ಎಲ್‌ಕೆವಿ’ ಆಗುತ್ತದೆ. ಇದನ್ನೇ ಬಳಸಿ ನಿಮ್ಮ ಟರ್ಮಿನಲ್‌ಗೆ ಕಿವಿ ಇದೆಯಾ ಅಂತ ಪರೀಕ್ಷೆ ಮಾಡಬಹುದು. ಸರ್ವರ್‌ನಲ್ಲಿ ಹೀಗೆ ಹೊಡೆಯಿರಿ:

ಪ್ರಿಂಟ್ಎಫ್ '\033]52;ಸಿ;4ಎಲ್‌ಕೆವಿ\ಎ'

ಎಲ್, ಕೆ, ವಿ ಮೂರೂ ದೊಡ್ಡಕ್ಷರ. ಸಿ, ಎ ಸಣ್ಣವು. ಎಂಟರ್ ಕೊಟ್ಟು, ಬ್ರೌಸರ್‌ಗೆ ಹೋಗಿ ಪೇಸ್ಟ್ ಮಾಡಿ. ‘ಕ’ ಬಂದರೆ ದಾರಿ ತೆರೆದಿದೆ. ಟರ್ಮಿನಲ್‌ಗಳಲ್ಲಿ ಕಿಟ್ಟಿ, ಅಲಾಕ್ರಿಟಿ, ವೆಜ್‌ಟರ್ಮ್, ವಿಂಡೋಸ್ ಟರ್ಮಿನಲ್ ಇದನ್ನು ಒಪ್ಪುತ್ತವೆ. ಐಟರ್ಮ್2ನಲ್ಲಿ, ಪ್ರೋಗ್ರಾಮುಗಳು ಕ್ಲಿಪ್‌ಬೋರ್ಡ್ ಮುಟ್ಟಬಹುದು ಅನ್ನುವ ಸೆಟ್ಟಿಂಗ್‌ಗೆ ಟಿಕ್ ಹಾಕಬೇಕು.

ನಡುವೆ ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಕಿಟಕಿ ನಡೆಸುವ ಪ್ರೋಗ್ರಾಮ್) ಇದ್ದರೆ ಅದು ಈ ಪಿಸುಮಾತನ್ನು ತಡೆಯುತ್ತದೆ. ಟಿಮಕ್ಸ್‌ನ ಕಾನ್ಫಿಗ್ ಫೈಲಿನಲ್ಲಿ ‘ಸೆಟ್ -ಜಿ ಸೆಟ್-ಕ್ಲಿಪ್‌ಬೋರ್ಡ್ ಆನ್’ ಅಂತ ಸೇರಿಸಿ, ಟಿಮಕ್ಸ್ ಅನ್ನು ಪೂರ್ತಿ ಮುಚ್ಚಿ ತೆರೆಯಿರಿ. ಟಿಮಕ್ಸ್ ಹೊರಗೆ ‘ಕ’ ಬಂದು ಒಳಗೆ ಬರದಿದ್ದರೆ ತಪ್ಪು ಇಲ್ಲಿಯೇ.

ಪರೀಕ್ಷೆ ಪಾಸಾದ ಮೇಲೆ ಎಡಿಟರ್. ನಿಯೋವಿಮ್‌ನಲ್ಲಿ 0.10 ಆವೃತ್ತಿಯಿಂದ ಇದು ಒಳಗೇ ಇದೆ. ಎಸ್‌ಎಸ್‌ಎಚ್ ಒಳಗಿದ್ದೇನೆ, ಟರ್ಮಿನಲ್ ಒಪ್ಪುತ್ತದೆ ಅಂತ ಅದೇ ಪತ್ತೆ ಹಚ್ಚಿ "+ ಅನ್ನು ಈ ದಾರಿಗೆ ಜೋಡಿಸುತ್ತದೆ. ಆದರೆ ಕ್ಲಿಪ್‌ಬೋರ್ಡ್ ಸೆಟ್ಟಿಂಗ್‌ಗೆ ನೀವು ಮೊದಲೇ ಏನಾದರೂ ಹಾಕಿದ್ದರೆ ಈ ಪತ್ತೆ ಕೆಲಸ ನಡೆಯುವುದಿಲ್ಲ. ಅನ್‌ನೇಮ್ಡ್‌ಪ್ಲಸ್ ಸಾಲು ಬೇಡ ಅನ್ನಲು ನನಗೆ ಇದು ಇನ್ನೊಂದು ಕಾರಣ. ಹಳೆಯ ವಿಮ್ ಆದರೆ ವಿಮ್-ಓಎಸ್‌ಸಿಯಾಂಕ್ ಪ್ಲಗಿನ್ ಹಾಕಿಕೊಂಡು, ಸಾಲು ಆರಿಸಿ ‘:ಓಎಸ್‌ಸಿಯಾಂಕ್‌ವಿಷುಯಲ್’ ಕೊಡಿ. ಇದರಲ್ಲಿ ಮೊದಲ ನಾಲ್ಕು ಅಕ್ಷರ ಮತ್ತು ವಿಷುಯಲ್‌ನ ವಿ ದೊಡ್ಡವು.

ಈ ದಾರಿ ಒಂದೇ ಕಡೆಗೆ. ಸರ್ವರ್‌ನಿಂದ ಇಲ್ಲಿಗೆ ಕಳಿಸಬಹುದು, ಇಲ್ಲಿಯದನ್ನು ಸರ್ವರ್ ಓದಲು ಹೆಚ್ಚಿನ ಟರ್ಮಿನಲ್‌ಗಳು ಬಿಡುವುದಿಲ್ಲ. ಬಿಡಲೂ ಬಾರದು. ಬ್ಯಾಂಕಿನ ಪಾಸ್‌ವರ್ಡ್ ಕಾಪಿ ಮಾಡಿಕೊಂಡು ಯಾವುದೋ ಸರ್ವರ್‌ಗೆ ಹೋದರೆ, ಅದು ನಿಮ್ಮ ಕಿಸೆಗೆ ಕೈ ಹಾಕಿದ ಹಾಗೆ ಆಗುತ್ತದೆ.

## ಉಳಿದವು, ಬೇಗ ಬೇಗ

ಮ್ಯಾಕ್‌ನಲ್ಲಿ ‘:ಡಬ್ಲ್ಯು !ಪಿಬಿಕಾಪಿ’. ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಅನ್ನುವ ಟರ್ಮಿನಲ್ ಆ್ಯಪ್ ಬಳಸುವವರು ಟರ್ಮಕ್ಸ್ ಎಪಿಐ ಆ್ಯಪ್ ಮತ್ತು ಅದರ ಪ್ಯಾಕೇಜ್ ಎರಡನ್ನೂ ಹಾಕಿಕೊಂಡು ‘:ಡಬ್ಲ್ಯು !ಟರ್ಮಕ್ಸ್-ಕ್ಲಿಪ್‌ಬೋರ್ಡ್-ಸೆಟ್’.

ನ್ಯಾನೋ ಅನ್ನುವ ಇನ್ನೊಂದು ಟರ್ಮಿನಲ್ ಎಡಿಟರ್‌ನಲ್ಲಿ ಆಲ್ಟ್ 6 ಕಾಪಿ ಮಾಡುತ್ತದೆ, ಆದರೆ ಅದೂ ನ್ಯಾನೋದ ಸ್ವಂತ ಕಿಸೆಗೆ. ಹೊರಗಿನ ಕಿಸೆ ಅದಕ್ಕೆ ಇಲ್ಲ. ಫೈಲ್ ಸೇವ್ ಮಾಡಿ, ಹೊರಗೆ ಬಂದು ‘ಎಕ್ಸ್‌ಕ್ಲಿಪ್ -ಸೆಲೆಕ್ಷನ್ ಕ್ಲಿಪ್‌ಬೋರ್ಡ್ < ಲೆಕ್ಕ.ಟಿಎಕ್ಸ್‌ಟಿ’ ಕೊಡಿ. ಇಷ್ಟೆಲ್ಲಾ ಯಾಕೆ, ಕಂಟ್ರೋಲ್ ಸಿ, ಕಂಟ್ರೋಲ್ ವಿ ನಡೆಯುವ ಟರ್ಮಿನಲ್ ಎಡಿಟರ್ ಸಾಕು ಅನ್ನುವವರಿಗೆ ಮೈಕ್ರೋ ಇದೆ. ನಾಚಿಕೆ ಪಡಬೇಕಾಗಿಲ್ಲ, ಒಳ್ಳೆಯ ಎಡಿಟರ್.

## ಹೊರಗಿನಿಂದ ಒಳಗೆ

ಲೆಕ್ಕ ಕಳಿಸಿದ ಮೇಲೆ ಅಣ್ಣ ಅದರಲ್ಲಿ ಎರಡು ಸಾಲು ತಿದ್ದಿ ವಾಟ್ಸ್ಆ್ಯಪ್‌ನಲ್ಲೇ ವಾಪಸ್ ಕಳಿಸಿದ. ಈಗ ಅದನ್ನು ವಿಮ್ ಒಳಗೆ ತರಬೇಕು. ಬ್ರೌಸರ್‌ನಲ್ಲಿ ಕಾಪಿ ಮಾಡಿ, ವಿಮ್‌ಗೆ ಬಂದು, ಎಸ್ಕೇಪ್ ಒತ್ತಿ " + ಪಿ.

ಕಂಟ್ರೋಲ್ ಶಿಫ್ಟ್ ವಿ ಕೂಡ ನಡೆಯುತ್ತದೆ, ಆದರೆ ಆಗ ಪೇಸ್ಟ್ ಮಾಡುವುದು ಟರ್ಮಿನಲ್. ಹಳೆಯ ವಿಮ್‌ಗೆ ನೀವೇ ಅತಿ ವೇಗವಾಗಿ ಟೈಪ್ ಮಾಡಿದ ಹಾಗೆ ಕಾಣುತ್ತದೆ. ಪ್ರತಿ ಸಾಲಿಗೂ ತಾನೇ ಮುಂದೆ ಜಾಗ ಬಿಡುತ್ತಾ ಹೋಗಿ, ಲೆಕ್ಕದ ಸಾಲುಗಳು ಮೆಟ್ಟಿಲಿನ ಹಾಗೆ ಬಲಕ್ಕೆ ಸರಿಯುತ್ತವೆ. ಇನ್ಸರ್ಟ್ ಮೋಡಿನಲ್ಲಿ (ಟೈಪ್ ಮಾಡುವ ಸ್ಥಿತಿಯಲ್ಲಿ) ಇಲ್ಲದೆ ಪೇಸ್ಟ್ ಮಾಡಿದರೆ ಇನ್ನೂ ಕೆಟ್ಟದ್ದು, ಪಠ್ಯದ ಒಂದೊಂದು ಅಕ್ಷರವೂ ಕಮಾಂಡ್ ಆಗಬಹುದು. ಅಂಥ ಕಡೆ ಮೊದಲು ‘:ಸೆಟ್ ಪೇಸ್ಟ್’, ಆಮೇಲೆ ಐ ಒತ್ತಿ ಪೇಸ್ಟ್, ಮುಗಿದ ಮೇಲೆ ಎಸ್ಕೇಪ್ ಒತ್ತಿ ‘:ಸೆಟ್ ನೋಪೇಸ್ಟ್’. ಹೀಗೆ ಮೆಟ್ಟಿಲಾಗಿ ಕೆಟ್ಟರೂ ಎಸ್ಕೇಪ್ ಒತ್ತಿ ಯು ಒತ್ತಿದರೆ ಮೊದಲಿನ ಹಾಗೆ ಆಗುತ್ತದೆ. ಹುಡುಗ ಯು ಒತ್ತಿ, " + ಪಿ ಕೊಟ್ಟ. 12 ಸಾಲೂ ನೆಟ್ಟಗೆ ಬಂದು ಕೂತವು.